ಕಡಲಹಕ್ಕಿಗಳ ಸಣ್ಣ ದ್ವೀಪಕ್ಕೆ ಇಲಿ ಹತ್ತದಂತೆ ಕಾಯುವುದು ಹೇಗೆ?

ಅಳಿವೆ
ಎಲ್ಲರಿಗೂ ನಮಸ್ಕಾರ. ಒಂದು ಸಂರಕ್ಷಿತ ದ್ವೀಪಕ್ಕೆ ಕಾವಲು ಯೋಜನೆ ಬರೆಯಬೇಕಾಗಿದೆ. ವಿವರ ಇಷ್ಟು: 18 ಹೆಕ್ಟೇರ್, ಸುತ್ತಳತೆ ಎರಡು ಕಿಲೋಮೀಟರಿನ ಆಸುಪಾಸು, ದಡದಿಂದ 900 ಮೀಟರ್ ದೂರ, ನಡುವೆ ಒಂದು ಬೋಳು ಬಂಡೆ. ನೆಲದಲ್ಲಿ ಬಿಲ ತೋಡುವ ಶಿಯರ್‌ವಾಟರ್‌ಗಳು, ಬಯಲಲ್ಲೇ ಮೊಟ್ಟೆಯಿಡುವ ರೀವಗಳು (ಟರ್ನ್). ಒಂದು ಇಳಿದಾಣ, ಒಂದು ಗುಡಿಸಲು. ಇಲಿ ಇಲ್ಲ. ಹಕ್ಕಿಗಳ ಋತುವಿನಲ್ಲಿ ವಾರಕ್ಕೆ ಮೂರ್ನಾಲ್ಕು ದೋಣಿ ಬರುತ್ತವೆ, ಉಳಿದ ತಿಂಗಳುಗಳಲ್ಲಿ ಅಪರೂಪ.

ಪ್ರಶ್ನೆ ಮೂರು. ದ್ವೀಪದಲ್ಲಿ ವಿಷದ ಪೆಟ್ಟಿಗೆಗಳನ್ನು ಖಾಯಂ ಇಡುವುದೇ, ಅಥವಾ ಕಚ್ಚಿದರೆ ಹಲ್ಲಿನ ಗುರುತು ಉಳಿಯುವ, ವಿಷವಿಲ್ಲದ ಮೇಣದ ತುಂಡು ಸಾಕೇ? 900 ಮೀಟರ್ ನೀರು ಇಲಿಗೆ ಅಡ್ಡಿಯೇ? ಮೇಣದ ಮೇಲೆ ಕಚ್ಚಿದ ಗುರುತು ಕಂಡರೆ ಅದು ಇಲಿಯದ್ದೋ ಏಡಿಯದ್ದೋ ಎಂದು ತಿಳಿಯುವುದು ಹೇಗೆ?

ಬಿಲವಾಸಿ
ಮೂರೂ ಪ್ರಶ್ನೆ ದ್ವೀಪದ ಮೇಲಿನದ್ದು. ಕೆಲಸ ಶುರುವಾಗುವುದು ಈಚೆ ದಡದಲ್ಲಿ, ಸಾಮಾನು ಕಟ್ಟುವ ಕೋಣೆಯಲ್ಲಿ. ಇಲಿ ದ್ವೀಪಕ್ಕೆ ಮೂರು ದಾರಿಯಲ್ಲಿ ಬರುತ್ತದೆ: ಸಾಮಾನಿನೊಳಗೆ ಕೂತು, ದೋಣಿಯೊಳಗೆ ಕೂತು, ಈಜಿ. ಮೊದಲ ಎರಡನ್ನು ಪೂರ್ತಿ ತಡೆಯಬಹುದು, ಮೂರನೆಯದನ್ನು ತಡೆಯಲಾಗದು, ಬೇಗ ಪತ್ತೆ ಹಚ್ಚಬಹುದು ಅಷ್ಟೆ. ಆದರೆ ಎಷ್ಟೋ ಯೋಜನೆಗಳಲ್ಲಿ ಹಣ ಮತ್ತು ಗಮನ ಎಲ್ಲಾ ದ್ವೀಪದ ಮೇಲಿನ ಪೆಟ್ಟಿಗೆಗಳಿಗೇ ಹೋಗುತ್ತದೆ. ಕಟ್ಟುವ ಕೋಣೆಗೆ ಒಂದು ಸಾಲು ಮಾತ್ರ: ‘ಸಾಮಾನು ಪರೀಕ್ಷಿಸತಕ್ಕದ್ದು’. ಯಾರು, ಎಲ್ಲಿ, ಯಾವಾಗ ಎಂಬುದು ಇರುವುದೇ ಇಲ್ಲ.

ಹೀಗೆ ಬರೆಯಿರಿ. ಕೋಣೆಗೆ ಬಾಗಿಲ ಕೆಳಗೆ ಸಂದು ಇರಬಾರದು. ಸುಂಡಿಲಿ (ಮೌಸ್, ಪುಟ್ಟ ಜಾತಿಯ ಇಲಿ) ಪೆನ್ಸಿಲ್ ತೂರುವಷ್ಟು ಜಾಗದಲ್ಲಿ ನುಸುಳುತ್ತದೆ, ಆದ್ದರಿಂದ 6 ಮಿ.ಮೀ.ಗಿಂತ ದೊಡ್ಡ ಸಂದೆಲ್ಲ ಲೋಹದ ಪಟ್ಟಿ ಅಥವಾ ಸ್ಟೀಲ್ ವೂಲ್‌ನಿಂದ (ಉಕ್ಕಿನ ನಾರು) ಮುಚ್ಚಿರಬೇಕು. ನೆಲ ಖಾಲಿ, ಗೋಡೆ ಬಿಳಿ. ಸಾಮಾನನ್ನು ಪೂರ್ತಿ ಹೊರಗೆ ಸುರಿದು, ಒಂದೊಂದಾಗಿ ನೋಡಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಅಲ್ಲೇ ಸೀಲ್ ಮಾಡಿ. ಹೊರಡುವ ದಿನವೇ ಮಾಡಬೇಕು. ಹಿಂದಿನ ರಾತ್ರಿ ಕಟ್ಟಿ ಜೆಟ್ಟಿಯಲ್ಲಿ ಇಟ್ಟರೆ ಪರೀಕ್ಷೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ. ರಟ್ಟಿನ ಡಬ್ಬ, ಗೋಣಿಚೀಲ, ಬಾಯಿ ತೆರೆದ ಬ್ಯಾಗು ದೋಣಿ ಹತ್ತಬಾರದು. ಟೆಂಟು, ಸುತ್ತಿಟ್ಟ ತಾಡಪಾಲು, ಹಗ್ಗದ ಸುರುಳಿ, ಸೌದೆ ಈ ನಾಲ್ಕೂ ಇಲಿಗೆ ಹೇಳಿ ಮಾಡಿಸಿದ ಜಾಗಗಳು.

ಇಳಿದ ಮೇಲೆ ಡ್ರಮ್ಮುಗಳನ್ನು ಗುಡಿಸಲ ಒಳಗೆ ಒಯ್ದು, ಬಾಗಿಲು ಹಾಕಿಕೊಂಡು ತೆರೆಯಿರಿ. ಒಳಗೆ ಏನಾದರೂ ಓಡಿದರೆ ನಾಲ್ಕು ಗೋಡೆಯ ನಡುವೆ ಹಿಡಿಯಬಹುದು. ಕಡಲ ತೀರದಲ್ಲಿ ತೆರೆದರೆ ಅದು ಓಡಿದ ದಿಕ್ಕು ನೋಡುತ್ತಾ ನಿಲ್ಲಬೇಕು.

ಉಬ್ಬರಇಳಿತ
ದೂರದ ಪ್ರಶ್ನೆಗೆ. ಎಲ್ಲ ಇಲಿಯೂ ಒಂದೇ ಅಲ್ಲ. ಕಂದು ಇಲಿ ಒಳ್ಳೆಯ ಈಜುಗಾರ. ಒಂದು ಕಿಲೋಮೀಟರ್ ಅದರ ಅಳವಿನೊಳಗೇ ಎಂದು ಲೆಕ್ಕ ಹಾಕಿ, ಎರಡು ಕಿಲೋಮೀಟರಿನವರೆಗೂ ಎಚ್ಚರದಲ್ಲಿರಿ. ಕಪ್ಪು ಇಲಿ ಮರ ಹತ್ತುವುದರಲ್ಲಿ ಮುಂದು, ಈಜುವುದರಲ್ಲಿ ಹಿಂದು. ಹಾಗೆಂದು ಐದುನೂರು ಮೀಟರ್ ಅದಕ್ಕೆ ಅಸಾಧ್ಯವೇನಲ್ಲ. ನಿಮ್ಮ 900 ಮೀಟರ್ ಕಂದು ಇಲಿಗೆ ಗೋಡೆಯಲ್ಲ. ನಡುವಿನ ಬೋಳು ಬಂಡೆ ಬೇರೆ ಇದೆ. ಭರತದಲ್ಲಿ ಮುಳುಗದೆ ಉಳಿಯುವ ಬಂಡೆಯಾದರೆ ದೂರವನ್ನು 900 ಎಂದು ಎಣಿಸಬೇಡಿ. ದಡದಿಂದ ಬಂಡೆಗೆ, ಬಂಡೆಯಿಂದ ದ್ವೀಪಕ್ಕೆ, ಇವೆರಡರಲ್ಲಿ ಯಾವುದು ದೊಡ್ಡದೋ ಅದೇ ನಿಜವಾದ ದೂರ. ಇಳಿತದ ಹೊತ್ತಿನಲ್ಲಿ ಅಳೆಯಿರಿ, ನಕ್ಷೆಯಲ್ಲಿ ಅಲ್ಲ.

ಒಂದೇ ಒಂದು ಇಲಿ ಏನು ಮಾಡಬಲ್ಲದು ಎಂಬುದಕ್ಕೆ ನ್ಯೂಜಿಲೆಂಡಿನ ಪ್ರಯೋಗ ಗೊತ್ತೇ ಇರುತ್ತದೆ. 2004ರಲ್ಲಿ ಇಲಿಯಿಲ್ಲದ, ಹತ್ತು ಹೆಕ್ಟೇರಿಗೂ ಚಿಕ್ಕದಾದ ಮೊಟುಹೊರೊಪಾಪಾ ದ್ವೀಪದಲ್ಲಿ ರೇಡಿಯೋ ಪಟ್ಟಿ ಕಟ್ಟಿದ ಗಂಡು ಕಂದು ಇಲಿಯೊಂದನ್ನು ಸಂಶೋಧಕರು ಬೇಕೆಂದೇ ಬಿಟ್ಟರು, ಹಿಡಿಯುವುದು ಎಷ್ಟು ಕಷ್ಟ ಎಂದು ನೋಡಲು. ಬೋನು, ನಾಯಿ, ವಿಷ ಎಲ್ಲ ಇದ್ದೂ 18 ವಾರ ಸಿಗಲಿಲ್ಲ. ಮಧ್ಯೆ 400 ಮೀಟರ್ ತೆರೆದ ಸಮುದ್ರ ಈಜಿ ಪಕ್ಕದ ಒಟಾಟಾ ದ್ವೀಪ ಸೇರಿಕೊಂಡಿತ್ತು. ಕೊನೆಗೆ ಸಿಕ್ಕಿಬಿದ್ದದ್ದು ಪೆಂಗ್ವಿನ್ ಮಾಂಸ ಇಟ್ಟ ಬೋನಿಗೆ. ನೂರು ಇಲಿ ಇರುವ ಕಡೆ ಒಂದನ್ನು ಹಿಡಿಯುವುದು ಸುಲಭ. ಇರುವುದೇ ಒಂದಾದರೆ ಅದಕ್ಕೆ ಪೈಪೋಟಿಯಿಲ್ಲ, ಹಸಿವಿಲ್ಲ, ನಿಮ್ಮ ಬೋನಿನ ಮುಂದೆ ಹಾದುಹೋಗುವ ಅಗತ್ಯವೂ ಇಲ್ಲ.

ಅಳಿವೆ
ಬಂಡೆಯ ಲೆಕ್ಕ ತಲೆಗೆ ಹೊಳೆದಿರಲಿಲ್ಲ. ಭರತದಲ್ಲಿ ಅದರ ನೆತ್ತಿ ಮುಳುಗುವುದಿಲ್ಲ. ಹಾಗಾದರೆ ಅಲ್ಲಿಯೂ ಒಂದು ಪೆಟ್ಟಿಗೆ ಇಡಬೇಕು ಎಂದಾಯಿತು.

ಉಬ್ಬರಇಳಿತ
ಇಡಿ. ಅದಕ್ಕಿಂತ ಮುಖ್ಯ, ಎದುರು ದಡದಲ್ಲಿ ಇಲಿ ಕಡಿಮೆ ಮಾಡಿ. ಜೆಟ್ಟಿಯ ಕಸದ ತೊಟ್ಟಿಗೆ ಮುಚ್ಚಳ, ಮೀನಿನ ತ್ಯಾಜ್ಯ ಅಂದಂದೇ ವಿಲೇವಾರಿ, ಬಲೆ ರಾಶಿಯ ಕೆಳಗೆ ಬೋನು. ಈಜಿ ಬರುವ ಇಲಿಗಳ ಸಂಖ್ಯೆ ದಡದಲ್ಲಿರುವ ಇಲಿಗಳ ಸಂಖ್ಯೆಗೆ ತಕ್ಕಂತೆ ಏರಿಳಿಯುತ್ತದೆ.

ನೀರುಕಾಗೆ
ಗುರುತಿನ ಪ್ರಶ್ನೆ ನನಗಿರಲಿ.

ಇಲಿ, ಸುಂಡಿಲಿ ಎರಡೂ ಮೇಲಿನ ಹಲ್ಲನ್ನು ಊರಿ ಕೆಳಗಿನ ಜೋಡಿ ಹಲ್ಲಿನಿಂದ ಕೆರೆಯುತ್ತವೆ. ಆದ್ದರಿಂದ ಮೇಣದ ಮೇಲೆ ಅಕ್ಕಪಕ್ಕ ಎರಡು ಸಮಾನಾಂತರ ಗೀರು ಕಾಣಬೇಕು. ಜೋಡಿಯ ಒಟ್ಟು ಅಗಲ ಸುಮಾರು 3ರಿಂದ 4 ಮಿ.ಮೀ. ಇದ್ದರೆ ಇಲಿ, 2 ಮಿ.ಮೀ.ಗಿಂತ ಕಡಿಮೆಯಾದರೆ ಸುಂಡಿಲಿ. ಗೀರಿನ ತಳ ಚಪ್ಪಟೆ, ಅಂಚು ಚೂಪು. ಏಡಿಯದ್ದಾದರೆ ಚಿವುಟಿದಂತೆ ಗುಳಿ, ಎರಡು ಬದಿಯಿಂದ ಒತ್ತಿದ ಗುರುತು, ಅಳತೆಯಲ್ಲಿ ಕ್ರಮವಿರುವುದಿಲ್ಲ. ಬಸವನಹುಳು ಉಜ್ಜುಕಾಗದದಲ್ಲಿ ತಿಕ್ಕಿದ ಹಾಗೆ ಸಣ್ಣ ಸಣ್ಣ ಗೆರೆ ಬಿಡುತ್ತದೆ, ಪಕ್ಕದಲ್ಲಿ ಅಂಟಿನ ಜಾಡು ಇರುತ್ತದೆ. ಹಕ್ಕಿ ಕುಕ್ಕಿದರೆ ತ್ರಿಕೋನದ ತೂತು. ಜೀರುಂಡೆ, ಇರುವೆ ಕೊರೆದರೆ ಪುಡಿ ಪುಡಿ.

ಹಿಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು. ಸುಂಡಿಲಿಯದ್ದು ಅಕ್ಕಿಕಾಳಿಗಿಂತ ಚಿಕ್ಕದು, 3ರಿಂದ 6 ಮಿ.ಮೀ. ಕಪ್ಪು ಇಲಿಯದ್ದು 12 ಮಿ.ಮೀ. ಹತ್ತಿರ, ತುದಿ ಚೂಪು. ಕಂದು ಇಲಿಯದ್ದು 20 ಮಿ.ಮೀ.ವರೆಗೆ, ತುದಿ ಮೊಂಡು. ಪ್ರಾಣಿಯೇ ಕಣ್ಣಿಗೆ ಬಿದ್ದರೆ ಬಾಲ ನೋಡಿ. ಮೈಗಿಂತ ಉದ್ದವಿದ್ದರೆ ಕಪ್ಪು ಇಲಿ, ಗಿಡ್ಡವಿದ್ದರೆ ಕಂದು. ಬಣ್ಣ ನಂಬಬೇಡಿ, ಕಪ್ಪು ಇಲಿ ಎಷ್ಟೋ ಸಲ ಕಂದಾಗಿಯೇ ಇರುತ್ತದೆ.

ಅನುಮಾನ ಬಂದಾಗ ಜನ ಮಾಡುವ ತಪ್ಪೆಂದರೆ ಮೇಣವನ್ನು ತೊಳೆದು ನೋಡುವುದು. ತೊಳೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ನಾಲ್ಕು ಬದಿಯ ಚಿತ್ರ ತೆಗೆದು, ಒಣ ಕಾಗದದ ಲಕೋಟೆಗೆ ಹಾಕಿ, ಪೆಟ್ಟಿಗೆಯ ಸಂಖ್ಯೆ ಮತ್ತು ದಿನಾಂಕ ಬರೆಯಿರಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಹಿಕ್ಕೆಗೆ ಬೂಸ್ಟು ಹಿಡಿದು ಡಿಎನ್‌ಎ ಪರೀಕ್ಷೆಗೆ ಬಾರದು.

ಮರಳುದಿಬ್ಬ
ಮೇಣದ ತುಂಡು ಮಾಡುವ ಬಗೆ ಯಾರೂ ಹೇಳಲಿಲ್ಲ. ಪ್ಯಾರಾಫಿನ್ ಮೇಣ 1 ಕೆ.ಜಿ., ಸಕ್ಕರೆ ಬೆರೆಸದ ಕೋಕೊ ಪುಡಿ 200 ಗ್ರಾಂ. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಪೂರ್ತಿ ಕರಗಿದ ಮೇಲೆ ಇಳಿಸಿ, ಕೋಕೊ ಹಾಕಿ. ಈಗಲೇ ಅಚ್ಚಿಗೆ ಸುರಿದರೆ ಕೋಕೊ ತಳಕ್ಕೆ ಕೂರುತ್ತದೆ, ಮೇಲೆ ಬರಿ ಮೇಣ ಉಳಿಯುತ್ತದೆ. ಮೇಣ ಮಂದವಾಗಿ ಪಾತ್ರೆಯ ಅಂಚಿನಲ್ಲಿ ಗಟ್ಟಿಯಾಗತೊಡಗುವವರೆಗೆ ಕಲಕುತ್ತಾ ಇದ್ದು ಆಮೇಲೆ ಸುರಿಯಿರಿ. ಐಸ್ ತಟ್ಟೆ ಸಾಕು. ತಲಾ 24 ಗ್ರಾಂ ಹಿಡಿದರೆ ಐವತ್ತು ತುಂಡು.

ಗಟ್ಟಿಯಾಗುವ ಮೊದಲು ಪ್ರತಿ ಗುಳಿಯಲ್ಲಿ ತಂತಿಯ ಕುಣಿಕೆ ಊರಿ. ತಂತಿಯಿಲ್ಲದ ತುಂಡನ್ನು ಏಡಿಯೋ ಇಲಿಯೋ ಹೊತ್ತೊಯ್ಯುತ್ತದೆ, ಆಗ ‘ತುಂಡು ಕಾಣೆ’ ಎಂಬ ನಮೂದಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕಡಲೆಕಾಯಿ ಬೆಣ್ಣೆ ಬೆರೆಸುವವರಿದ್ದಾರೆ, ವಾಸನೆ ಜಾಸ್ತಿ, ಬೂಸ್ಟೂ ಜಾಸ್ತಿ, ಇರುವೆಯೂ ಜಾಸ್ತಿ. ಬಿಸಿಲು ಜೋರಿರುವ ಕಡೆ ಕಪ್ಪು ಪೆಟ್ಟಿಗೆಯೊಳಗೆ ಮೇಣ ಕರಗಿ ನೆಲಕ್ಕೆ ಅಂಟುತ್ತದೆ. 60 ಡಿಗ್ರಿಗೂ ಮೇಲೆ ಕರಗುವ ಮೇಣ ಆರಿಸಿ, ಪೆಟ್ಟಿಗೆಯನ್ನು ಬಂಡೆಯ ನೆರಳಿಗೆ ಸರಿಸಿ.

ಸನ್ಯಾಸಿ ಏಡಿ
ವಿಷದ ಬಗ್ಗೆ ನಾನು ಬಿಲವಾಸಿಯವರ ಪಕ್ಷ ಹಿಡಿಯುವವನಲ್ಲ, ಅವರು ಇನ್ನೂ ಬಾಯಿ ಬಿಟ್ಟಿಲ್ಲವಾದರೂ :) ಖಾಯಂ ವಿಷ ಬೇಕು ಎನ್ನುತ್ತೇನೆ. ಕಾರಣ ಸರಳ. ಋತು ಮುಗಿದ ಮೇಲೆ ಕಡಲು ಕೆರಳಿ ಎರಡು ಮೂರು ತಿಂಗಳು ದೋಣಿಯೇ ಹೋಗದಿದ್ದರೆ ಮೇಣದ ತುಂಡು ಯಾರಿಗೆ ಹೇಳಬೇಕು? ಇಲಿಯ ಗರ್ಭ ಮೂರು ವಾರ ಚಿಲ್ಲರೆ, ಒಂದು ಸೂಲಿಗೆ ಆರೆಂಟು ಮರಿ, ಮರಿಗಳು ಮೂರು ತಿಂಗಳಲ್ಲಿ ತಾವೇ ಮರಿ ಹಾಕುತ್ತವೆ. ಬಸುರಿ ಇಲಿಯೊಂದು ದಡ ಹತ್ತಿದರೆ, ನೀವು ಮುಂದಿನ ಸಲ ಇಳಿಯುವಾಗ ಅದು ಒಂದು ಕುಟುಂಬ. ಮೇಣ ಸುದ್ದಿ ಹೇಳುತ್ತದೆ, ವಿಷ ಕೆಲಸ ಮಾಡುತ್ತದೆ.

ಬಿಲವಾಸಿ
ಹಾಗಾದರೆ ಬಾಯಿ ಬಿಡುತ್ತೇನೆ. ಒಪ್ಪಲ್ಲ.

ಬ್ರೋಡಿಫಾಕಮ್‌ನಂಥ ಎರಡನೇ ತಲೆಮಾರಿನ (ಮೊದಲಿನವಕ್ಕಿಂತ ಪ್ರಬಲವಾದ) ಇಲಿವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ಇಲಿ ಅಂದೇ ಸಾಯುವುದಿಲ್ಲ, ಕೆಲವು ದಿನ ಬೇಕು. ಅಷ್ಟು ದಿನ ಅದು ನಿಧಾನವಾಗಿ, ಹಗಲಲ್ಲೂ ಓಡಾಡುತ್ತದೆ, ಹದ್ದು ಗೂಬೆಗಳಿಗೆ ಸುಲಭದ ತುತ್ತು. ಯಕೃತ್ತಿನಲ್ಲಿ ಈ ವಿಷ ತಿಂಗಳುಗಟ್ಟಲೆ ಕೂರುತ್ತದೆ. ಇಲಿಯಿಲ್ಲದ ದ್ವೀಪದಲ್ಲಿ ವರ್ಷವಿಡೀ ಆ ಪೆಟ್ಟಿಗೆಗೆ ಬರುವವರು ಯಾರು? ಜೀರುಂಡೆ, ಬಸವನಹುಳು, ಏಡಿ. ಅವುಗಳಿಗೆ ಈ ವಿಷ ಅಷ್ಟಾಗಿ ತಾಗುವುದಿಲ್ಲ, ಹೊತ್ತುಕೊಂಡು ತಿರುಗುತ್ತವೆ. ಅವನ್ನು ಹಾವುರಾಣಿ ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ. ಅಂದರೆ ಬಾರದ ಇಲಿಗಾಗಿ ಇರುವ ಜೀವಿಗಳಿಗೆ ಉಣಿಸಿದ ಹಾಗೆ.

ಎರಡನೆಯದು, ತೇವದಲ್ಲಿ ತಿಂಗಳುಗಟ್ಟಲೆ ಕೂತ ವಿಷದ ತುಂಡು ಬೂಸ್ಟು ಹಿಡಿದು ರುಚಿಗೆಡುತ್ತದೆ. ಪಕ್ಕದಲ್ಲಿ ಮೊಟ್ಟೆ, ಮರಿ, ಬೀಜ ಬೇಕಾದಷ್ಟಿರುವಾಗ ಹೊಸ ಇಲಿ ಹಳಸಿದ ತುಂಡಿಗೆ ಯಾಕೆ ಬಾಯಿ ಹಾಕೀತು? ನೀವು ‘ವಿಷ ಇದೆ’ ಎಂಬ ಧೈರ್ಯದಲ್ಲಿ ತಪಾಸಣೆಗೆ ಹೋಗುವುದನ್ನು ಇನ್ನೂ ತಡಮಾಡುತ್ತೀರಿ. ಮೂರನೆಯದು, ಬಹಳ ಕಡೆ ಇಲಿ ಇದೆ ಎಂಬ ಪುರಾವೆಯಿಲ್ಲದೆ ಬಯಲಲ್ಲಿ ಇಂಥ ವಿಷ ಇಡಲು ಕಾನೂನೇ ಬಿಡುವುದಿಲ್ಲ.

ಸನ್ಯಾಸಿ ಏಡಿ
ಹಾವುರಾಣಿಯ ಮಾತಿಗೆ ಉತ್ತರವಿಲ್ಲ, ಒಪ್ಪಿದೆ. ಆದರೆ ದೋಣಿ ಹೋಗದ ತಿಂಗಳುಗಳಿಗೆ ನಿಮ್ಮ ಪರಿಹಾರ?

ಬಿಲವಾಸಿ
ಇಳಿದಾಣದಲ್ಲಿ ಮತ್ತು ಗುಡಿಸಲ ಸುತ್ತ ಮಾತ್ರ ಸ್ಪ್ರಿಂಗ್ ಬೋನು, ಮರದ ಪೆಟ್ಟಿಗೆಯೊಳಗೆ. ಋತು ಮುಗಿಸಿ ಹೊರಡುವಾಗ ಹೂಡಿ, ಮತ್ತೆ ಬಂದಾಗ ತೆಗೆಯಿರಿ. ಇದರಲ್ಲಿ ಒಂದು ಎಚ್ಚರ ಬೇಕು: ಬಿಲದಲ್ಲಿ ಗೂಡು ಮಾಡುವ ಹಕ್ಕಿಗೆ ಯಾವ ಕತ್ತಲೆ ತೂತೂ ಗೂಡಿನ ಹಾಗೆಯೇ ಕಾಣುತ್ತದೆ. ಸ್ಟಾರ್ಮ್ ಪೆಟ್ರೆಲ್ ಗುಬ್ಬಿಗಿಂತ ಸ್ವಲ್ಪವೇ ದೊಡ್ಡದು, ಇಲಿ ನುಗ್ಗುವ ತೂತಿನಲ್ಲಿ ಆರಾಮಾಗಿ ನುಗ್ಗುತ್ತದೆ. ಆದ್ದರಿಂದ ಹಕ್ಕಿಗಳಿರುವ ತಿಂಗಳಲ್ಲಿ ಹೂಡಿದ ಬೋನು ಬೇಡವೇ ಬೇಡ. ಬೇರೆ ತಿಂಗಳಲ್ಲೂ ಒಳಗೆ ಎರಡು ತಿರುವು ಬರುವಂತೆ ಅಡ್ಡಗೋಡೆ ಇರಲಿ.

ಇದರ ಜತೆಗೆ ಒಂದೆರಡು ಕ್ಯಾಮೆರಾ.

ಹಾಯಿಪಟ
ಕ್ಯಾಮೆರಾ ಎಂದರೆ ಎಲ್ಲರಿಗೂ ಪರಮ ನಂಬಿಕೆ. ಅದು ದೇಹದ ಶಾಖ ಮತ್ತು ಹಿನ್ನೆಲೆಯ ಶಾಖದ ವ್ಯತ್ಯಾಸ ನೋಡಿ ಕೆಲಸ ಮಾಡುವ ಯಂತ್ರ. ಬಿಸಿಲಿಗೆ ಕಾದ ಬಂಡೆ ರಾತ್ರಿಯೂ ಬೆಚ್ಚಗಿದ್ದರೆ ಮುಂದೆ ಹಾದುಹೋಗುವ ಸಣ್ಣ ಇಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಹುಲ್ಲು ಅಲುಗಾಡಿದರೆ ಮಾತ್ರ ಸಾವಿರಾರು ಚಿತ್ರ. ಮೊಣಕಾಲೆತ್ತರದಲ್ಲಿ, ಒಂದೂವರೆ ಮೀಟರ್ ದೂರದ ಮೇಣದ ತುಂಡಿಗೆ ಗುರಿಯಿಟ್ಟು, ಮುಂದಿನ ಹುಲ್ಲನ್ನು ಬುಡಸಮೇತ ಕತ್ತರಿಸಿ ಇಡಿ. ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದರೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಉಪ್ಪುಗಾಳಿಗೆ ಬ್ಯಾಟರಿಯ ತುದಿಗಳು ಹಸಿರು ಹಿಡಿಯುತ್ತವೆ, ರಬ್ಬರ್ ಪಟ್ಟಿಗೆ ಸಿಲಿಕಾನ್ ಗ್ರೀಸ್ ಹಚ್ಚಿ, ಒಳಗೆ ಸಿಲಿಕಾ ಪೊಟ್ಟಣ ಹಾಕಿ.

ಇನ್ನು ದೋಣಿಯ ವಿಷಯ. ದ್ವೀಪಕ್ಕೆ ಹಗ್ಗ ಕಟ್ಟಿ ರಾತ್ರಿ ನಿಲ್ಲಿಸಬಾರದು, ಇದು ಮೊದಲ ನಿಯಮ. ಜನ ಇಳಿಸಿ ದೂರದಲ್ಲಿ ಲಂಗರು. ದೊಡ್ಡ ದೋಣಿಯಾದರೆ ಈಚೆ ಬಂದರಿನಲ್ಲಿ ನಿಂತಾಗಲೂ ಹಗ್ಗಕ್ಕೆ ಲೋಹದ ತಟ್ಟೆ ಹಾಕಿ, ಇಲಿ ಹಗ್ಗದ ಮೇಲೆ ನಡೆದೇ ದೋಣಿ ಹತ್ತುತ್ತದೆ. ದೋಣಿಯಲ್ಲಿ ಯಾವಾಗಲೂ ಒಂದು ಬೋನು, ಒಂದು ಮೇಣದ ತುಂಡು ಇರಲಿ, ಪ್ರತಿ ಪ್ರಯಾಣಕ್ಕೆ ಮುಂಚೆ ಚಾಲಕ ನೋಡಿ ಸಹಿ ಹಾಕಲಿ. ಗುರುತು ಕಂಡರೆ ಆ ದೋಣಿ ಅವತ್ತು ಹೊರಡುವುದಿಲ್ಲ. ಯೋಜನೆಯಲ್ಲಿ ಈ ಕೊನೆಯ ವಾಕ್ಯ ಇಲ್ಲದಿದ್ದರೆ ಚಾಲಕನ ಮೇಲೆ ಜನರ ಒತ್ತಡ ಬೀಳುತ್ತದೆ.

ಮತ್ತೆ ಒಡೆದ ಹಡಗು. 2011ರ ಮಾರ್ಚಿನಲ್ಲಿ ಸೋಯಾ ತುಂಬಿದ ‘ಓಲಿವಾ’ ಹಡಗು ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟಾನ್ ಡ ಕುನ್ಯಾ ಸಮೂಹದ ನೈಟಿಂಗೇಲ್ ದ್ವೀಪಕ್ಕೆ ಅಪ್ಪಳಿಸಿತು. ಅದು ಇಲಿಯಿಲ್ಲದ ದ್ವೀಪ. ಎಣ್ಣೆ ಮೆತ್ತಿದ ಪೆಂಗ್ವಿನ್‌ಗಳ ಜತೆಗೆ ಅಲ್ಲಿನವರಿಗೆ ಇದ್ದ ಇನ್ನೊಂದು ಚಿಂತೆ ಹಡಗಿನಿಂದ ಇಲಿ ಈಜಿ ಬಂದೀತು ಎಂಬುದು. ತಡಮಾಡದೆ ದಡದಲ್ಲಿ ಬೋನು ಇಟ್ಟರು. ಇಲಿ ಬರಲಿಲ್ಲ. ಆದರೆ ಬೋನು ಇಡಲು ಸಾಮಾನು ಸಿದ್ಧವಿತ್ತಲ್ಲ, ಅದು ಗಮನಿಸಬೇಕಾದ್ದು.

ಅಳಿವೆ
ದ್ವೀಪದ ಮೇಲೆ ಪೆಟ್ಟಿಗೆ ಎಷ್ಟು, ಎಲ್ಲೆಲ್ಲಿ? ಎಷ್ಟು ದಿನಕ್ಕೊಮ್ಮೆ ನೋಡಬೇಕು?

ನೀರುಕಾಗೆ
ನಿಮ್ಮ ಅಳತೆಗೆ ಮೂವತ್ತರ ಆಸುಪಾಸು. ಕರಾವಳಿಯುದ್ದಕ್ಕೂ ನೂರು ಮೀಟರಿಗೊಂದರಂತೆ ಇಪ್ಪತ್ತು, ಇಳಿದಾಣ ಮತ್ತು ಗುಡಿಸಲ ಸುತ್ತ ದಟ್ಟವಾಗಿ ಆರು, ಒಳಭಾಗದ ಪೊದೆ ಕಲ್ಲುರಾಶಿಗಳಲ್ಲಿ ನಾಲ್ಕೈದು. ಹೊಸದಾಗಿ ಬಂದ ಇಲಿ ಮೊದಲು ತೀರದಲ್ಲೇ, ಅಲೆ ತಂದ ಕಸದ ಸಾಲಿನಲ್ಲೇ ಓಡಾಡುತ್ತದೆ, ಅದಕ್ಕೇ ಕರಾವಳಿಗೆ ಹೆಚ್ಚು ಪಾಲು. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಜಿಪಿಎಸ್‌ನಲ್ಲಿ ಗುರುತಿಸಿ. ಏಡಿ ಹೆಚ್ಚಿರುವ ಕಡೆ ಪೆಟ್ಟಿಗೆಯನ್ನು ನುಣುಪಾದ ಕಾಲಿನ ಮೇಲೆ ಎತ್ತರಿಸಿ, ಇಲಿಗೆ ಏರಲು ಓರೆಯಾಗಿ ಒಂದು ಸಣ್ಣ ಕೋಲು ಒರಗಿಸಿ.

ಋತುವಿನಲ್ಲಿ ನಾಲ್ಕು ವಾರಕ್ಕೊಮ್ಮೆ ಕನಿಷ್ಠ, ಇಳಿದಾಣದವನ್ನು ಪ್ರತಿ ಭೇಟಿಗೂ. ನಾಲ್ಕು ವಾರ ಯಾಕೆಂದರೆ, ಸನ್ಯಾಸಿ ಏಡಿ ಮೇಲೆ ಹೇಳಿದ ಗರ್ಭದ ಲೆಕ್ಕ. ಮೊದಲ ಸೂಲಿನ ಮರಿಗಳು ಬಿಲದಿಂದ ಹೊರಗೆ ಚದುರುವ ಮೊದಲೇ ತಾಯಿಯ ಗುರುತು ಸಿಗಬೇಕು.

ನಾಲ್ಕೈದು ಕಡೆ ಹೆಜ್ಜೆಗುರುತಿನ ಸುರಂಗವೂ ಇರಲಿ. ಅರ್ಧ ಮೀಟರ್ ಉದ್ದದ ಚೌಕ ಕೊಳವೆ, ಮಧ್ಯದಲ್ಲಿ ಶಾಯಿ ಪಟ್ಟಿ, ಎರಡು ಬದಿ ಬಿಳಿ ಕಾಗದ. ಶಾಯಿಗೆ ಗ್ಲಿಸರಿನ್ ಬೆರೆಸದಿದ್ದರೆ ಎರಡೇ ದಿನಕ್ಕೆ ಒಣಗುತ್ತದೆ. ಇಲಿಯ ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು. ಮೇಣ ಕಚ್ಚದ ಸಂಶಯಪ್ರಾಣಿಗಳು ಸುರಂಗದಲ್ಲಿ ನಡೆಯುವುದುಂಟು.

ಮರಳುದಿಬ್ಬ
ಸುಂಡಿಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ನೂರು ಮೀಟರಿಗೊಂದು ಪೆಟ್ಟಿಗೆ ಇಲಿಗೆ ಸಾಕು. ಸುಂಡಿಲಿಯ ಓಡಾಟ ಹತ್ತಿಪ್ಪತ್ತು ಮೀಟರಿನೊಳಗೇ ಮುಗಿಯುತ್ತದೆ, ಎರಡು ಪೆಟ್ಟಿಗೆಗಳ ನಡುವೆ ಸಂಸಾರ ಹೂಡಿದರೂ ನಿಮಗೆ ಗೊತ್ತಾಗದು. ‘ಸುಂಡಿಲಿ ತಾನೇ’ ಎನ್ನುವವರು ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪ ನೋಡಲಿ. ಅಲ್ಲಿ ಸುಂಡಿಲಿಗಳು ತಮಗಿಂತ ನೂರಾರು ಪಟ್ಟು ತೂಕದ ಆಲ್ಬಟ್ರಾಸ್ ಮರಿಗಳನ್ನು ಕೂತಲ್ಲೇ ಜೀವಂತ ಕಚ್ಚಿ ತಿನ್ನುತ್ತವೆ, ಮರಿಗೆ ಓಡಬೇಕೆಂಬುದೇ ತಿಳಿಯದು. 2021ರಲ್ಲಿ ಇಡೀ ದ್ವೀಪಕ್ಕೆ ಹೆಲಿಕಾಪ್ಟರಿನಿಂದ ವಿಷ ಹಾಕಿದರು, ಅದೇ ಡಿಸೆಂಬರಿನಲ್ಲಿ ಕ್ಯಾಮೆರಾದಲ್ಲಿ ಸುಂಡಿಲಿ ಕಂಡಿತು. ಇಷ್ಟು ವರ್ಷದ ತಯಾರಿ ಹೋಯಿತು.

ಗುಡಿಸಲ ಸುತ್ತ ಮತ್ತು ಇಳಿದಾಣದಲ್ಲಿ 10 ಮೀಟರಿಗೊಂದು ಪೆಟ್ಟಿಗೆ ಬೇಕೇ ಬೇಕು. ಸುಂಡಿಲಿ ಈಜಿ ಬರುವುದು ಅಪರೂಪ, ಬರುವುದು ಅಕ್ಕಿ ಬೇಳೆಯ ಚೀಲದಲ್ಲಿ.

ಉಬ್ಬರಇಳಿತ
ಮೂಗಿಲಿಯನ್ನೂ (ಶ್ರೂ) ಸೇರಿಸಿ. ಮಾರಿಷಸ್‌ನ ಇಲ್ ಒ ಎಗ್ರೆತ್ ನೋಡಿ, 26 ಹೆಕ್ಟೇರಿನ ಹವಳಗಲ್ಲಿನ ದ್ವೀಪ, ದಡದಿಂದ ಕೂಗಳತೆಗಿಂತ ಸ್ವಲ್ಪ ಆಚೆ, 1965ರಿಂದ ಸಂರಕ್ಷಿತ. 1991ರಲ್ಲಿ ಇಲಿಗಳನ್ನು ತೆಗೆದರು. ಆದರೆ ಉದ್ದಮೂತಿಯ ಮೂಗಿಲಿಯನ್ನು ತೆಗೆಯಲು ಆ ದಶಕದ ಕೊನೆಯಲ್ಲಿ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಮೂಗಿಲಿ ದಂಶಕವೇ ಅಲ್ಲ, ಹುಳ ತಿನ್ನುವ ಪ್ರಾಣಿ. ಕೋಕೊ ಮೇಣಕ್ಕೆ ಮೂತಿ ಹಾಕುವುದಿಲ್ಲ, ಇಲಿಗಾಗಿ ಮಾಡಿದ ವ್ಯವಸ್ಥೆಗೆ ಅದು ಕಾಣುವುದೇ ಇಲ್ಲ. ಹೆಜ್ಜೆಗುರುತಿನ ಸುರಂಗ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಐದೈದು ಬೆರಳು ಕಂಡರೆ ಅನುಮಾನಿಸಿ.

ಹಾಯಿಪಟ
ಬೆಕ್ಕನ್ನು ಮರೆತಿರಿ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ದೀಪಸ್ತಂಭದವರ ಒಂದೇ ಒಂದು ಬೆಕ್ಕು ಇಡೀ ಹಕ್ಕಿ ಜಾತಿಯನ್ನೇ ಮುಗಿಸಿತಲ್ಲ.

ನೀರುಕಾಗೆ
ಅದು ಚೆನ್ನಾಗಿ ಓಡುವ ಕಥೆ, ನಿಜ ಸ್ವಲ್ಪ ಬೇರೆ. 1894ರಲ್ಲಿ ದೀಪಸ್ತಂಭ ಶುರುವಾದ ಹೊತ್ತಿಗೆ ಬೆಕ್ಕು ಬಂತು, ಆದರೆ ಅಲ್ಲಿ ಮರಿ ಹಾಕಿ ಕಾಡುಬೆಕ್ಕುಗಳ ಹಿಂಡೇ ಆಯಿತು. ಹಾರಲಾರದ ಆ ಪುಟ್ಟ ಹಕ್ಕಿಯನ್ನು ಮುಗಿಸಿದ್ದು ಹಿಂಡು. ಒಂಟಿ ಬೆಕ್ಕಿನ ಕಥೆ ನಂಬಿದರೆ ‘ಒಂದು ಪ್ರಾಣಿಯನ್ನು ಕೊಂದರೆ ಸಾಕು’ ಎಂಬ ತಪ್ಪು ಲೆಕ್ಕ ಬರುತ್ತದೆ.

ಇಲಿಯದ್ದೇ ಉದಾಹರಣೆ ಬೇಕೆಂದರೆ ಅದೇ ದೇಶದ ಬಿಗ್ ಸೌತ್ ಕೇಪ್. ದೋಣಿಗಳ ಜತೆ ಬಂದ ಕಪ್ಪು ಇಲಿ 1964ರ ಹೊತ್ತಿಗೆ ದ್ವೀಪ ತುಂಬಿತ್ತು. ಎರಡು ಬಗೆಯ ಹಕ್ಕಿ, ಒಂದು ಬಾವಲಿ ಮತ್ತೆ ಉಳಿಯಲಿಲ್ಲ. ಸ್ಯಾಡಲ್‌ಬ್ಯಾಕ್ ಹಕ್ಕಿಗಳಲ್ಲಿ 36ನ್ನು ಹಿಡಿದು ಬೇರೆ ದ್ವೀಪಗಳಿಗೆ ಒಯ್ದದ್ದರಿಂದ ಆ ಜಾತಿ ಬದುಕಿತು.

ಅಳಿವೆ
ಸರಿ. ಒಂದು ದಿನ ಪೆಟ್ಟಿಗೆ ಸಂಖ್ಯೆ 7ರಲ್ಲಿ 3.5 ಮಿ.ಮೀ. ಜೋಡಿ ಗೀರು ಸಿಕ್ಕಿತು ಎಂದುಕೊಳ್ಳೋಣ. ಆಮೇಲೆ?

ಬಿಲವಾಸಿ
ಆಮೇಲೆ ಯೋಚಿಸಲು ಕೂರುವ ಹಾಗಿಲ್ಲ, ಎಲ್ಲ ಮೊದಲೇ ಬರೆದಿಟ್ಟಿರಬೇಕು. 48 ಗಂಟೆಯೊಳಗೆ ಜನ, ಸಾಮಾನು ಎರಡೂ ದ್ವೀಪದಲ್ಲಿರಬೇಕು ಎಂಬುದು ಗುರಿ. ಅದಕ್ಕೆ ಈಚೆ ದಡದಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ: ಐವತ್ತು ಬೋನು ಪೆಟ್ಟಿಗೆಗಳು, ನೂರು ಮೇಣದ ತುಂಡು, ಸುರಂಗ ಹತ್ತು, ಕ್ಯಾಮೆರಾ ನಾಲ್ಕು, ಗುರುತಿನ ಕೋಲುಗಳು, ಬಣ್ಣದ ಪಟ್ಟಿ, ನಕ್ಷೆ, ಕೈಗವಸು, ಕಾಗದದ ಲಕೋಟೆ. ವಿಷ ಬೇಕಾದೀತು ಎಂದಿದ್ದರೆ ಅದಕ್ಕೆ ಬೇಕಾದ ಪರವಾನಗಿ ಈಗಲೇ ತೆಗೆದಿಡಿ, ತರಬೇತಿಯಾದವರ ಹೆಸರೂ ಬರೆದಿಡಿ. ಇಲಿ ಕಂಡ ಮೇಲೆ ಅರ್ಜಿ ಹಾಕಿದರೆ ಅನುಮತಿ ಬರುವಷ್ಟರಲ್ಲಿ ಮೊಮ್ಮಕ್ಕಳಾಗಿರುತ್ತವೆ.

ಸಂಖ್ಯೆ 7ರ ಸುತ್ತ 500 ಮೀಟರಿನೊಳಗೆ 50 ಮೀಟರ್ ಚೌಕಳಿ. ನಿಮ್ಮ ದ್ವೀಪಕ್ಕೆ ಅದೆಂದರೆ ಇಡೀ ದ್ವೀಪವೇ. 18 ಹೆಕ್ಟೇರನ್ನು 50 ಮೀಟರ್ ಚೌಕಕ್ಕೆ ಹಂಚಿದರೆ 72 ಬಿಂದು. ಎರಡು ದಿನದ ಕೆಲಸ, ನಾಲ್ಕು ಜನ ಬೇಕು. ಮೊದಲ ವಾರ ದಿನವೂ ನೋಡಿ. ಎಲ್ಲ ಕಡೆ ಒಂದೇ ಆಮಿಷ ಬೇಡ, ಒಂದಕ್ಕೆ ಕೋಕೊ, ಇನ್ನೊಂದಕ್ಕೆ ಕಡಲೆಕಾಯಿ ಬೆಣ್ಣೆ, ಮತ್ತೊಂದಕ್ಕೆ ಮೀನು. ತರಬೇತಾದ ನಾಯಿ ಸಿಕ್ಕರೆ ತರಿಸಿ, ಬಾಯಿಗೆ ಪಟ್ಟಿ ಹಾಕಿಯೇ ಇಳಿಸಿ.

ಒಂದು ಇಲಿ ಸಿಕ್ಕಿತೆಂದು ಸಾಮಾನು ಕಟ್ಟಬೇಡಿ. ಹೆಣ್ಣಾದರೆ ಬಸಿರೋ, ಹಾಲೂಡಿಸುತ್ತಿತ್ತೋ ಪರೀಕ್ಷಿಸಿ. ತಿಂಗಳುಗಳ ಕಾಲ ತಪಾಸಣೆ ಮುಂದುವರಿಯಬೇಕು. ನೆಲೆಯೂರಿದ ಇಲಿಗಳನ್ನು ತೆಗೆದ ದ್ವೀಪವಾದರೆ, ಸಾಮಾನ್ಯವಾಗಿ ಎರಡು ವರ್ಷ ಯಾವ ಗುರುತೂ ಸಿಗದಿದ್ದರೆ ಮಾತ್ರ ‘ಇಲಿ ಇಲ್ಲ’ ಎಂದು ಸಾರುತ್ತಾರೆ. ಬ್ರಿಟನ್ನಿನ ಲಂಡಿ ದ್ವೀಪದಲ್ಲಿ 2002ರಿಂದ 2004ರವರೆಗೆ ಕೆಲಸ ನಡೆಯಿತು, ಸಾರಿದ್ದು 2006ರಲ್ಲಿ. ಅಲ್ಲಿ 2001ರಲ್ಲಿ ಮುನ್ನೂರರಷ್ಟಿದ್ದ ಶಿಯರ್‌ವಾಟರ್ ಜೋಡಿಗಳು 2018ರ ಹೊತ್ತಿಗೆ ಐದು ಸಾವಿರ ದಾಟಿದ್ದವು.

ಸನ್ಯಾಸಿ ಏಡಿ
ಭೇಟಿಗರ ಬೂಟಿನ ಬಗ್ಗೆ ಒಂದು ಮಾತು. ಇಲಿಯ ಗಲಾಟೆಯಲ್ಲಿ ಬೀಜ, ಇರುವೆ, ರೋಗ ಮೂರನ್ನೂ ಮರೆಯಬಾರದು. ಪೆಸಿಫಿಕ್ ಸಾಗರದ ಜಾನ್‌ಸ್ಟನ್ ಹವಳದ್ವೀಪದಲ್ಲಿ 2010ರಲ್ಲಿ ಹಳದಿ ಹುಚ್ಚಿರುವೆ ಕಂಡಿತು, ಅದು ಚಿಮ್ಮುವ ಆಮ್ಲಕ್ಕೆ ಗೂಡಿನಲ್ಲಿ ಕೂತ ಹಕ್ಕಿಗಳ ಕಣ್ಣೇ ಹೋಗುತ್ತಿತ್ತು. ತೆಗೆದು ಮುಗಿಸಲು ಹತ್ತು ವರ್ಷ ಹಿಡಿಯಿತು.

ಬೂಟಿನ ಮಣ್ಣನ್ನು ಮೊದಲು ಬ್ರಷ್‌ನಿಂದ ಪೂರ್ತಿ ಕೆರೆದು ತೊಳೆಯಿರಿ, ಆಮೇಲೆ ಸೋಂಕುನಾಶಕ. ಮಣ್ಣಿದ್ದರೆ ಔಷಧ ಮಣ್ಣಿಗೇ ಖರ್ಚಾಗುತ್ತದೆ. ವಿರ್ಕಾನ್ ಆದರೆ ಲೀಟರಿಗೆ 10 ಗ್ರಾಂ, ಹತ್ತು ನಿಮಿಷ ಒದ್ದೆಯಾಗಿರಬೇಕು. ಗುಲಾಬಿ ಬಣ್ಣ ಮಾಸಿದರೆ ಹೊಸದು ಕಲಸಿ, ಬಣ್ಣ ಇದ್ದರೂ ವಾರಕ್ಕಿಂತ ಹೆಚ್ಚು ಇಡಬೇಡಿ. ಹಕ್ಕಿಜ್ವರದ ಭಯವಿರುವಾಗ ಎರಡು ಹಕ್ಕಿ ನೆಲೆಗಳ ನಡುವೆಯೂ ಇದನ್ನು ಮಾಡಬೇಕು. ಉಳಿದ ದ್ರಾವಣವನ್ನು ಬಂಡೆಯ ಕೊಳಕ್ಕೆ ಚೆಲ್ಲಬೇಡಿ, ಡಬ್ಬದಲ್ಲಿ ವಾಪಸ್ ತನ್ನಿ. ಬೀಜ ಅಡಗುವುದು ವೆಲ್ಕ್ರೋದಲ್ಲಿ, ಕಾಲುಚೀಲದಲ್ಲಿ, ಜೇಬಿನ ಮೂಲೆಯಲ್ಲಿ. ಚಿಮಟ ಹಿಡಿದು ಕೂರಬೇಕು, ಬೇರೆ ಉಪಾಯವಿಲ್ಲ.

ಬಿಲವಾಸಿ
ಭೇಟಿಗರು ದಾರಿ ಬಿಟ್ಟರೆ ಬಿಲದ ಚಾವಣಿ ಕುಸಿಯುತ್ತದೆ, ಕೆಲವು ಕಡೆ ಮೇಲ್ಮಣ್ಣು ಗೇಣಿಗಿಂತ ತೆಳು. ಕಾಲು ಒಳಗೆ ಹೋದರೆ ನಾಚಿಕೆಪಟ್ಟು ಮುಂದೆ ನಡೆಯಬಾರದು. ನಿಂತು, ಕೈಯಿಂದ ಮಣ್ಣು ತೆಗೆದು, ಎರಡೂ ಕಡೆಯ ಸುರಂಗ ತೆರವಾಗಿದೆಯೇ, ಒಳಗೆ ಹಕ್ಕಿಯೋ ಮೊಟ್ಟೆಯೋ ಸಿಕ್ಕಿಕೊಂಡಿದೆಯೇ ನೋಡಿ, ತೂತಿನ ಮೇಲೆ ಚಪ್ಪಟೆ ಕಲ್ಲೋ ಹಲಗೆಯೋ ಮುಚ್ಚಿ ಮಣ್ಣು ಎಳೆಯಬೇಕು. ಪೆಟ್ಟಿಗೆ ನೋಡಲು ಹೋಗುವ ನಿಮ್ಮವರಿಗೂ ಇದೇ ನಿಯಮ. ಪೆಟ್ಟಿಗೆಗಳನ್ನು ಬಿಲಗಳ ನಡುವೆ ನೆಟ್ಟು, ತಿಂಗಳಿಗೊಮ್ಮೆ ಅಲ್ಲಿಗೆ ತುಳಿದು ಹೋಗುವುದು ಬುದ್ಧಿವಂತಿಕೆಯಲ್ಲ.

ಅಳಿವೆ
ಧನ್ಯವಾದ. ಕರಡು ತಿದ್ದುತ್ತಿದ್ದೇನೆ: ಖಾಯಂ ವಿಷ ಇಲ್ಲ, ಮೇಣ ಮೂವತ್ತು ಕಡೆ, ಇಳಿದಾಣದಲ್ಲಿ ಹತ್ತು ಮೀಟರಿಗೊಂದು, ನಡುಬಂಡೆಯಲ್ಲಿ ಒಂದು, ಕಟ್ಟುವ ಕೋಣೆಗೆ ಪ್ರತ್ಯೇಕ ಅಧ್ಯಾಯ. ಮೇಣದ ಕುಣಿಕೆಗೆ ಕಲಾಯಿ ತಂತಿ ಸಾಕೇ?

ಮರಳುದಿಬ್ಬ
ಕಡಲ ಗಾಳಿಗೆ ಒಂದೇ ಋತುವಿನಲ್ಲಿ ತುಕ್ಕು ಹಿಡಿದು ಮೇಣಕ್ಕೆ ಕಂದು ಕಲೆ ಬಿಡುತ್ತದೆ, ಆಮೇಲೆ ಕಚ್ಚಿದ ಗುರುತು ಓದುವುದು ಕಷ್ಟ. ಒಂದು ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಂತಿ ಹಾಕಿ.